ರೇಸಿನ ಮಾಮಾನ ಚಾವಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ಊರುಗಳ ನಡುವಿನ ರಸ್ತೆಗಳಲ್ಲಿ ಎಲ್ಲರಿಗಿಂತ ನಿಧಾನವಾಗಿ ಕಾರು ಓಡಿಸುತ್ತಿದ್ದ ಮನುಷ್ಯ ಯಾರೆಂದರೆ, ನಮ್ಮ ಮಾಮಾ. ಇದು ನನ್ನೊಬ್ಬಳ ಮಾತಲ್ಲ. ಅವನ ಹಿಂದೆ ಸಿಕ್ಕಿಕೊಂಡು ಹಾರ್ನ್ ಬಾರಿಸಿ ಸೋತ ಎಲ್ಲ ಡ್ರೈವರುಗಳ ಮಾತು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಅವನನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಒಮ್ಮೆ ಒಂದು ಕುರಿಹಿಂಡು ಹಿಂದೆ ಹಾಕಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹಿಂಡು ಕಾಯುವವನು ಹೋಗುತ್ತ ಹೋಗುತ್ತ ತಿರುಗಿ ನೋಡಿ, ಗಾಡಿ ಕೆಟ್ಟಿರಬೇಕೆಂದು ತಿಳಿದು, "ದಬ್ಬಲೇನ್ರಿ?" ಎಂದು ಕೇಳಿದ!

ಇನ್ನು ಎರಡನೆಯ ಮಾತನ್ನೂ ಹೇಳಿಬಿಡುತ್ತೇನೆ. ಈ ಮನುಷ್ಯ ಒಂದು ಕಾಲಕ್ಕೆ ಮೋಟಾರು ರೇಸಿನ ಡ್ರೈವರ್ ಆಗಿದ್ದ.

ಸುಳ್ಳಲ್ಲ. ಕೊಲ್ಲಾಪುರದ ಗ್ಯಾರೇಜಿನಲ್ಲಿ ಕೆಲಸ ಕಲಿಯಲು ಹೋದವನು ಅಲ್ಲಿಂದ ಕಾಡು, ಘಟ್ಟ, ಮಣ್ಣಿನ ದಾರಿಗಳಲ್ಲಿ ನಡೆಯುವ ರ‍್ಯಾಲಿಗಳಿಗೆ ಹೋದ. ಹದಿನೈದು ವರ್ಷ ಓಡಿಸಿದ, ಗೆದ್ದ, ಉರುಳಿದ, ಎದ್ದ. ಗೆದ್ದ ಕಪ್ಪುಗಳು ಅಥಣಿಯ ಮನೆಯಲ್ಲಿ ಇವೆ. ದೊಡ್ಡದರಲ್ಲಿ ಮಾಮಿ ಉಳ್ಳಾಗಡ್ಡಿ ಇಡುತ್ತಾಳೆ. ಸಣ್ಣದರಿಂದ ಜೋಳ ಅಳೆಯುತ್ತಾಳೆ.

ಓಟದ ಕುದುರೆಗೆ ವಯಸ್ಸಾದರೆ ಟಾಂಗಾಕ್ಕೆ ಕಟ್ಟುತ್ತಾರೆ. ಓಟದ ಡ್ರೈವರಿಗೆ ವಯಸ್ಸಾದರೆ ಏನು ಮಾಡುತ್ತಾರೆ? ಮಾಮಾನ ಜೊತೆಗಾರರಲ್ಲಿ ಒಬ್ಬ ಪುಣೆ ರಸ್ತೆಯಲ್ಲಿ ಧಾಬಾ ಹಾಕಿದನಂತೆ. ಇನ್ನೊಬ್ಬ ವಿಮೆ ಏಜೆಂಟನಾಗಿ, ಸಾವಿನ ಬಗ್ಗೆ ಬಹಳ ಮನದಟ್ಟಾಗುವಂತೆ ಮಾತಾಡುತ್ತಾನಂತೆ. ಮತ್ತೊಬ್ಬ ನಾಸಿಕದ ಹತ್ತಿರ ದ್ರಾಕ್ಷಿ ಬೆಳೆಯುತ್ತ, ಬಳ್ಳಿಯ ಬಳಿ ಕುಳಿತು ಅದು ಬೆಳೆಯುವುದನ್ನೇ ನೋಡುತ್ತಿರುತ್ತಾನಂತೆ. ನಮ್ಮ ಮನೆಯ ಅನುಭವ ಬೇರೆ. ನಮ್ಮ ಮಾಮಾ ರೇಸು ಬಿಟ್ಟ ಮೇಲೆ ಮಾಡಿದ ಮುಖ್ಯ ಕೆಲಸ ಸಿಟ್ಟಿಗೇಳುವುದು. ಬೆಳಿಗ್ಗೆ ಎದ್ದು ಚಹಾ ಕುಡಿದು ಆ ಕೆಲಸಕ್ಕೆ ಕುಳಿತರೆ, ಊಟಕ್ಕೆ ಮಾತ್ರ ಬಿಡುವು.

ಇಂಥವನ ಕೈಯಿಂದ ಕಾರಿನ ಚಾವಿ ಇಸಿದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಸಲಕ್ಕಲ್ಲ, ಕಾಯಂ ಆಗಿ! ಮನೆಯ ಗಂಡಸರೆಲ್ಲ ಎಲ್ಲಿ ಹೋಗಿದ್ದರು? ಅವರಿಗೆಲ್ಲ ಆ ವಾರ ಒಮ್ಮೆಲೇ ಕಬ್ಬಿನ ಕಟಾವು ಬಂದಿತ್ತು. ಹೊಲವೇ ಇಲ್ಲದ ನಮ್ಮ ಭಾವನಿಗೂ ಬಂದಿತ್ತು! ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ. ಆದ್ದರಿಂದ ಕಂಡದ್ದನ್ನಷ್ಟೇ, ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಮಾಮಾ ಅಥಣಿಗೆ ತಿರುಗಿ ಬಂದದ್ದು ಜನ ಮೊಬೈಲಿನಲ್ಲಿ ಹಾವಿನ ಆಟ ಆಡುತ್ತಿದ್ದ ಕಾಲದಲ್ಲಿ. ಮೊದಲು ಟೈರಿನ ಅಂಗಡಿ ಹಾಕಿದ. ರೇಸಿನವನ ಅಂಗಡಿ ಎಂದು ಜನ ಮುತ್ತಿಕೊಂಡರು. ಆದರೆ ಅವನು ಗಿರಾಕಿಗಳನ್ನು ಪರೀಕ್ಷೆ ಮಾಡಿ ಟೈರು ಕೊಡುವವನು.

"ಎಷ್ಟ ಜೋರ ಓಡಸ್ತಿ?" ಎಂದು ಕೇಳುತ್ತಿದ್ದ.

ಒಬ್ಬ ಜೀಪಿನವನು ಎದೆ ಉಬ್ಬಿಸಿ ಹೇಳಿದ. "ಇಲ್ಲಿ ಚಹಾ ಕುಡದ್ರ, ವಿಜಾಪುರದಾಗ ಬಾಯಿ ಒರಸ್ಕೋತೀನ್ರಿ!"

"ಹಂಗಾರ ನಿನಗ ನಾಕ ಟೈರ್ ಬ್ಯಾಡೋ ತಮ್ಮಾ," ಎಂದ ಮಾಮಾ. "ನಾಕ ಮಂದಿ ಹೆಗಲ ನೋಡ್ಕೋ."

ಮತ್ತೊಬ್ಬರು ಬೋಳು ತಲೆಯ ಹಿರಿಯರು. ತಮ್ಮ ಸವೆದ ಟೈರಿಗೆ ಪಂಕ್ಚರ್ ಹಾಕಿಸಲು ಬಂದಿದ್ದರು. ಮಾಮಾ ಟೈರನ್ನೂ ನೋಡಿದ, ಅವರ ತಲೆಯನ್ನೂ ನೋಡಿದ. "ಎರಡರಾಗೂ ಹಿಡಿತ ಉಳದಿಲ್ರಿ ಸಾವಕಾರ್ರ. ಒಂದನ್ನರೆ ಬದಲಿ ಮಾಡ್ರಿ." ಆ ಹಿರಿಯರು ಅಂಗಡಿಯ ಜಾಗದ ಮಾಲೀಕರು! ಆಮೇಲೆ ಅಂಗಡಿ ಎಷ್ಟು ದಿನ ನಡೆಯಿತು ಎಂದು ಹೇಳಬೇಕೇ?

ಮುಂದೆ ಡ್ರೈವಿಂಗ್ ಸ್ಕೂಲ್. ಇದರಲ್ಲಿ ನಾನೂ ವಿದ್ಯಾರ್ಥಿನಿ. ಚಿಕ್ಕೋಡಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದವಳು, ರಜೆಯಲ್ಲಿ ಹೋಗಿ ಅವನ ಕೈಗೆ ಸಿಕ್ಕೆ. ಮೊದಲ ವಾರ ಬರೀ ಕೂಡುವುದು. ನಿಂತ ಕಾರಿನಲ್ಲಿ, ಇಂಜಿನ್ ಬಂದ್ ಮಾಡಿ, ಬಿಸಿಲಲ್ಲಿ ಕೂಡುವುದು! ಬೆನ್ನು ಹೀಗೆ, ಮೊಣಕೈ ಹೀಗೆ, ಕಾಲು ಬ್ರೇಕಿನ ಮೇಲೆ ಹೀಗೆ.

ನನ್ನ ಜೊತೆ ಕಲಿಯುತ್ತಿದ್ದ ಕಿರಾಣಿ ಅಂಗಡಿಯವರ ಮಗ ತಡೆಯಲಾರದೆ ಕೇಳಿದ. "ಸರ್, ಇವತ್ತರೆ ಗಾಡಿ ಚಾಲೂ ಮಾಡೂಣೇನ್ರಿ?"

"ಚಾಲೂ ಮಾಡೂದು ಕತ್ತೆಗೂ ಬರತೈತಿ. ನಿಲ್ಲಸೂದು ಬರತೈತೇನ ನಿನಗ?"

"ಚಾಲೂನ ಆಗಿಲ್ರಿ, ನಿಲ್ಲಸೂದು ಹ್ಯಾಂಗ್ರಿ?"

ನ್ಯಾಯವಾದ ಪ್ರಶ್ನೆ. ಉತ್ತರವಾಗಿ ಅವನನ್ನು ಕಾರಿನಿಂದ ಇಳಿಸಲಾಯಿತು. ಹಾರೂಗೇರಿಯಲ್ಲಿ ಇನ್ನೊಂದು ಸ್ಕೂಲ್ ಇತ್ತು. ಅಲ್ಲಿ ಬೇಗ ಬೇಗ ಕಲಿಸಿ ಲೈಸನ್ಸನ್ನೂ ಕೈಗೆ ಕೊಟ್ಟು ಕಳಿಸುತ್ತಿದ್ದರು. ಒಬ್ಬೊಬ್ಬರಾಗಿ ಎಲ್ಲರೂ ಅಲ್ಲಿಗೆ ಹೋದರು. ಉಳಿದವಳು ನಾನೊಬ್ಬಳೇ. ಸೋದರಮಾವನನ್ನು ಬಿಟ್ಟು ಎಲ್ಲಿಗೆ ಓಡಲಿ? ಆ ಸಲ ರಜೆ ಪೂರ್ತಿ ಮುಗಿಯಿತು, ಮುಂದಿನ ರಜೆಯೂ ಮುಗಿಯಿತು. ಕೊನೆಗೂ ನನಗೆ ಗಾಡಿ ಬಂತು. ಆದರೆ ಅವನು ಒಂದು ದಿನವೂ "ಬಂತು" ಎಂದು ಬಾಯಿಬಿಟ್ಟು ಹೇಳಲಿಲ್ಲ.

ಎಲ್ಲಿ ಹೋದರೂ ಜನ ಅವನನ್ನು ಕೇಳುತ್ತಿದ್ದದ್ದು ಒಂದೇ. "ರೇಸಿನಾಗ ಎಷ್ಟ ಜೋರ ಓಡಸ್ತಿದ್ರಿ?" ಮದುವೆ ಮನೆಯಲ್ಲಿ ಕೇಳುತ್ತಿದ್ದರು, ಸತ್ತವರ ಮನೆಯಲ್ಲೂ ಕೇಳುತ್ತಿದ್ದರು. ಆಗ ಅವನ ಕಿವಿಯ ತುದಿ ಕೆಂಪಾಗುತ್ತಿತ್ತು. "ರೇಸ್ ಅಂದ್ರ ಜೋರ ಓಡಸೂದಲ್ಲೋ ಖೋಡಿ. ತನ್ನ ಹೆದರಿಕಿ ಎಲ್ಲಿ ಚಾಲೂ ಆಗತೈತಿ ಅಂತ ಗೊತ್ತಿರೂದು." ಕೇಳಿದವರು ತಲೆದೂಗಿ, "ಅದ ಖರೇರಿ, ಆದ್ರೂ ಎಷ್ಟಿತ್ತು? ನೂರಾ ಐವತ್ತ?" ಎನ್ನುತ್ತಿದ್ದರು.

ಇಲ್ಲಿಯವರೆಗಿನ ಸಿಟ್ಟೆಲ್ಲ ನಮಗೆ ಅಭ್ಯಾಸವಾಗಿತ್ತು. ಆದರೆ ಕೆಲವು ವರ್ಷಗಳಿಂದ ಅವನಿಗೆ ಹೊಸದೊಂದು ಸಿಟ್ಟು ಹತ್ತಿಕೊಂಡಿತ್ತು. ಯಾರೂ ಎದುರಿನಿಂದ ನೇರವಾಗಿ ಬರುವುದಿಲ್ಲ, ಎಲ್ಲರೂ ಬದಿಯಿಂದ ಒಮ್ಮೆಲೇ ಹಾರಿ ಬರುತ್ತಾರೆ ಎಂಬ ಸಿಟ್ಟು. ಸೈಕಲ್ಲಿನವರು ಹಾರಿ ಬರುತ್ತಾರೆ, ಮೋಟರ್‌ಸೈಕಲ್ಲಿನವರು ಹಾರಿ ಬರುತ್ತಾರೆ, ಗಿಡಗಳು ಕೂಡ ಹಾರಿ ಬರುತ್ತವೆ! "ಮೊದಲ ಹಿಂಗ ಇರಲಿಲ್ಲ. ಮಂದಿಗೆ ಶಿಸ್ತ ಹೋತು," ಎನ್ನುತ್ತಿದ್ದ. ಅದಕ್ಕೇ ದಿನದಿಂದ ದಿನಕ್ಕೆ ಕಾರನ್ನು ಇನ್ನಷ್ಟು ನಿಧಾನ ಮಾಡುತ್ತ ಹೋದ.

ಕಾಗವಾಡದ ಹತ್ತಿರ ಒಮ್ಮೆ ಕಾರು ಗಕ್ಕನೆ ನಿಲ್ಲಿಸಿದ. ಎದುರಿಗೆ ಒಂದು ಎಮ್ಮೆ.

"ಎಲ್ಲಿಂದ ಬಂತದು?" ಎಂದು ಕೂಗಿದ.

ಎಮ್ಮೆ ಎಲ್ಲಿಂದಲೂ ಬಂದಿರಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಕೂತು ಅದನ್ನು ದೂರದಿಂದಲೇ ನೋಡುತ್ತ ಬಂದಿದ್ದೆ. ರಸ್ತೆಯ ಎಡಬದಿಯಲ್ಲಿ ನಿಂತಿತ್ತು, ಎಮ್ಮೆಗಳು ನಡೆಯುವಷ್ಟೇ ಸಾವಕಾಶ ನಡೆದು ನಡುರಸ್ತೆಗೆ ಬಂದಿತ್ತು. ಆ ಪ್ರಾಣಿಯನ್ನು ಹಾರಿ ಬಂತು ಎನ್ನುವುದು ಎಮ್ಮೆ ಕುಲಕ್ಕೇ ಮಾಡುವ ಅಪವಾದ! ಮಾಮಾ ಕೆಳಗಿಳಿದು ಅದರ ಯಜಮಾನನಿಗೆ ರಸ್ತೆಯ ನಿಯಮಗಳನ್ನೆಲ್ಲ ಹೇಳಿದ. ಅವನು ಪೂರ್ತಿ ಕೇಳಿಸಿಕೊಂಡು, "ಹೌದ್ರಿ. ನಾಳೆ ಕರಕೊಂಡ ಹೋಗಿ ಎಮ್ಮಿಗೊಂದ ಲೈಸನ್ ಮಾಡಸ್ತೀನ್ರಿ," ಎಂದ.

ನಾವೆಲ್ಲ ನಕ್ಕೆವು. ಮಾಮಿ ನಗಲಿಲ್ಲ. ಅದನ್ನು ನಾನು ಆಗಲೇ ಗಮನಿಸಿದ್ದೆ. ಸೆಕೆಗಿರಬೇಕು ಎಂದುಕೊಂಡೆ.

ಆಮೇಲೆ ಸತ್ತಿ ಎಂಬ ಊರಿನ ಶರ್ಯತ್ತು, ಅಂದರೆ ಪಂದ್ಯ, ಬಂತು. ನಮ್ಮ ಕಡೆ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವ ಶರ್ಯತ್ತು ಇದೆ. ಬೇರೆ ಕಡೆಯವರಿಗೆ ಹೇಳಿದರೆ ನಂಬುವುದಿಲ್ಲ. ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ, ಮಣ್ಣಿನ ಮೈದಾನದಲ್ಲಿ ಸುಣ್ಣದ ಎರಡು ಗೆರೆ ಎಳೆದು, ಬದಿಗಳಲ್ಲಿ ಸಣ್ಣ ಸಣ್ಣ ಝಂಡಾ ನೆಟ್ಟು, ಆ ಗೆರೆಗಳ ನಡುವೆ ರಿವರ್ಸಿನಲ್ಲೇ ಕೊನೆಯತನಕ ಹೋಗಬೇಕು. ಒಂದು ಝಂಡಾ ಬಿದ್ದರೂ ಆಟದಿಂದ ಹೊರಗೆ. ಮುಂದಕ್ಕೆ ಯಾರು ಬೇಕಾದರೂ ಹೋದಾರು, ಹಿಂದಕ್ಕೆ ಹೋಗುವವನೇ ಡ್ರೈವರ್, ಎಂಬುದು ನಮ್ಮವರ ಸಿದ್ಧಾಂತ.

ಸತ್ತಿಯ ಹುಡುಗರು ಮಾಮಾನನ್ನು ಅತಿಥಿಯಾಗಿ ಕರೆದಿದ್ದರು. ಮೈಕಿನವನು ಸುಮ್ಮನಿರಬೇಕಲ್ಲ! "ದೇಶದಾಗೆಲ್ಲಾ ರೇಸ್ ಗೆದ್ದ ಸಾಹೇಬ್ರು ಇವತ್ತ ನಮಗ ಒಂದ ಸುತ್ತ ಹೊಡದು ತೋರಸ್ತಾರ್ರೀ!" ಎಂದುಬಿಟ್ಟ. ಮಾಮಾ ಹತ್ತಿದ. ಕತ್ತು ತಿರುಗಿಸಿ ಹಿಂದೆ ನೋಡುತ್ತ ಬಹಳ ಚೆನ್ನಾಗಿಯೇ ಶುರು ಮಾಡಿದ. ಟ್ರೇಲರ್ ನೇರವಾಗಿಯೇ ಹೋಗುತ್ತಿತ್ತು. ಅಷ್ಟರಲ್ಲಿ ಎಡಗಡೆಯ ಒಂದು ಝಂಡಾ ಬಿತ್ತು. ಅದರ ಹಿಂದೆ ಇನ್ನೊಂದು. ಆಮೇಲೆ ಬದಿಯ ಸಾಲು ಪೂರ್ತಿ, ಒಂದನ್ನೂ ಬಿಡದೆ!

ಮಾಮಾ ಧಡಕ್ಕನೆ ಇಳಿದ. "ಇವನ್ನ ಯಾಂವ ನಟ್ಟಾನ? ನಾ ಹತ್ತಿದ ಮ್ಯಾಲ ನಟ್ಟೀರಿ! ಮೋಸ ಇದು!"

ಕಮಿಟಿಯ ಹುಡುಗ ಕೈಮುಗಿದ. "ಇಲ್ರಿ ಸಾಹೇಬ್ರ. ಮುಂಜಾನಿಂದ ಅಲ್ಲೇ ಅದಾವ್ರಿ. ನೀವ ಅಲ್ರೀ ಮೊದಲನೇ ಝಂಡಾ ನಟ್ಟಿದ್ದು? ಉದ್ಘಾಟನಾ?"

ಮೈದಾನವೆಲ್ಲ ಗೊಳ್ಳೆಂದಿತು. ಯಾರೋ ಮೊಬೈಲಿನಲ್ಲಿ ಅದನ್ನು ಹಿಡಿದು ಊರೂರಿಗೆ ಕಳಿಸಿದರು. ನಿಪ್ಪಾಣಿಯ ನಮ್ಮ ಬೀಗರು ಅದನ್ನು ನನಗೇ ಕಳಿಸಿದರು, ಜೊತೆಗೆ ಒಂದು ಮೂತಿ ತಿರುಚಿದ ನಗೆಯ ಚಿತ್ರ. ಮಾಮಾ ಮೂರು ದಿನ ಮಾತಾಡಲಿಲ್ಲ. ಆಮೇಲೆ ಆಡಿದ ಮೊದಲ ಮಾತು, "ಹಿಂದಕ ಹೋಗಾಕ ಒಂದ ಶರ್ಯತ್ತಂತ! ಈ ದೇಶ ಹ್ಯಾಂಗ ಮುಂದ ಬರತೈತಿ?"

ಆ ವಾರವೇ ಮಾಮಿ ಬಸ್ಸು ಹತ್ತಿ ಚಿಕ್ಕೋಡಿಗೆ ನನ್ನ ಮನೆಗೆ ಬಂದಳು. ಅವಳು ಒಬ್ಬಳೇ ಬಂದದ್ದು ಅದೇ ಮೊದಲು. ನೀರು ಕೊಟ್ಟೆ, ಮುಟ್ಟಲಿಲ್ಲ.

"ತಂಗಿ, ನಿನ್ನ ಮಾಮಾಗ ಬದಿಗಿಂದು ಕಾಣವಲ್ದು."

ನನಗೆ ತಿಳಿಯಲಿಲ್ಲ.

"ಮುಂದಿಂದು ಕಾಣತೈತಿ. ಪೇಪರ್ ಓದತಾರ, ಅಕ್ಕಿಯಾಗಿನ ಕಲ್ಲ ಕಾಣತೈತಿ. ಈ ಕಡೆ, ಈ ಕಡೆ," ಎಂದು ತನ್ನ ಎರಡೂ ಕಿವಿಗಳ ಬಳಿ ಕೈ ಹಿಡಿದು ತೋರಿಸಿದಳು, "ಏನೂ ಕಾಣೂದಿಲ್ಲ. ಕೊಳವಿಯಾಗ ನೋಡಿದಂಗ. ನಾ ಊಟಕ್ಕ ನೀಡುವಾಗ ಬಾಜೂಕ ಪಲ್ಯ ಇಟ್ರ, ಪಲ್ಯ ಎಲ್ಲಿ ಅಂತ ಸಿಟ್ಟ ಮಾಡತಾರ."

"ಎಷ್ಟ ದಿನಾ ಆತು?"

"ನನಗ ಗೊತ್ತಾಗಿ ಎರಡ ವರ್ಷ."

"ಎರಡ ವರ್ಷ! ಮತ್ತ ಗಾಡಿ ಹ್ಯಾಂಗ ಓಡಸ್ಯಾನ?"

ಮಾಮಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ನಾ ಹೇಳ್ಕೋತ ಹೋಗತೀನಿ. ಎಡಕ್ಕ ಸೈಕಲ್, ಬಲಕ್ಕ ಕಟ್ಟಿ, ಮುದಿಕಿ ದಾಟಾಕತ್ತಾಳ, ಹಿಂಗ. ಮದುವ್ಯಾದ ಹೊಸದಾಗಿ ಅವರ ಅಂದಿದ್ರು, ರ‍್ಯಾಲಿಯೊಳಗ ಡ್ರೈವರನ ಬಾಜೂಕ ಒಬ್ಬಾಂವ ಕುಂತ ದಾರಿ ಹೇಳತಾನಂತ, ತಿರುವು, ದಿಬ್ಬ, ತಗ್ಗು ಎಲ್ಲಾ. ಡ್ರೈವರ್ ಅಂವನ ಮಾತ ಬಿಟ್ಟ ಯಾರ ಮಾತೂ ಕೇಳೂದಿಲ್ಲಂತ. ನನ್ನ ಮಾತಂತೂ ಅವರ ಯಾವತ್ತೂ ಕೇಳಿಲ್ಲ. ಕೇಳಲಿ ತಗೋ ಅಂತ ಬಾಜೂಕ ಕುಂತೆ."

ಎರಡು ವರ್ಷ ನಾವೆಲ್ಲ ಏನೆಂದು ಆಡಿಕೊಂಡಿದ್ದೆವು? ಕಾರು ಹತ್ತಿದರೆ ಈ ಹೆಂಗಸಿಗೆ ಬಾಯಿ ಮುಚ್ಚಲು ಆಗುವುದಿಲ್ಲ, ಪಾಪ ಮಾಮಾ, ಎಂದು! ನನಗೆ ಆಗ ಬಂದ ಸಿಟ್ಟು ಯಾರ ಮೇಲೆಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಮಾಮಾನ ಮೇಲೆ ಖಂಡಿತ ಇತ್ತು. ಗೊತ್ತಿದ್ದೂ ಚಾವಿ ಹಿಡಿದ ಮನುಷ್ಯ! ಮಾಮಿಯ ಮೇಲೂ ಇತ್ತು.

"ಅವಗ ಗೊತ್ತೈತೇನ?"

"ಅವರೂ ಹೇಳಿಲ್ಲ, ನಾನೂ ಕೇಳಿಲ್ಲ." ಮಾಮಿ ಆಗ ನೀರು ಕುಡಿದಳು. "ಮೊನ್ನೆ ಒಂದ ಕೂಸು ಬಂತು, ಬಲಕ್ಕ. ನಾ ಹೇಳೂದು ಎರಡ ಮಾತ ತಡಾ ಆತು. ಏನೂ ಆಗಲಿಲ್ಲ, ಕೂಸಿನ ಅವ್ವ ಜಗ್ಗಿದಳು. ನನಗಿನ್ನ ಆಗೂದಿಲ್ಲ ತಂಗಿ. ನನಗೂ ವಯಸ್ಸಾತು. ನೀ ಅವರ ಕಡಿಂದ ಚಾವಿ ಇಸ್ಕೋ."

ಕನ್ನಡಕ ಬದಲಿಸುವ ನೆಪ ಹೇಳಿ ಅವನನ್ನು ಮಿರಜಿನ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಕರೆದುಕೊಂಡು ಹೋದೆವು ಎಂದರೆ, ಅವನೇ ಓಡಿಸಿದ. ಚಾವಿ ಅವನ ಕಿಸೆಯಲ್ಲಿ. ಮಾಮಿ ಪಕ್ಕದಲ್ಲಿ ಕೂತು ಹೇಳುತ್ತ ಹೋದಳು, ನಾನು ಹಿಂದೆ ಕೂತು ಸೀಟಿನ ಅಂಚು ಹಿಡಿದುಕೊಂಡು ಕೇಳುತ್ತ ಹೋದೆ. ಗೊತ್ತಾದ ಮೇಲೆ ಕೇಳುವುದೇ ಬೇರೆ. ಅವಳ ಒಂದೊಂದು ಮಾತಿಗೂ ಅವನ ಕಾಲು ಆಡುತ್ತಿತ್ತು. ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ.

ಡಾಕ್ಟರು ಅವನ ಒಂದು ಕಣ್ಣು ಮುಚ್ಚಿಸಿ, ಬದಿಗೆ ಕೈ ಹಿಡಿದು, ಎಷ್ಟು ಬೆರಳು ಎಂದು ಮರಾಠಿಯಲ್ಲಿ ಕೇಳಿದರು.

"ಯಾವ ಬೆರಳು?" ಎಂದ ಮಾಮಾ.

ಕೈ ಸ್ವಲ್ಪ ಮುಂದೆ ಬಂತು. "ಆತಾ?" ಎಂದರು, ಈಗ ಕಾಣುತ್ತದೆಯೇ ಎಂದು.

"ನೋಡ್ರಿ ಡಾಕ್ಟರ್, ತೋರಸೂದಿದ್ರ ಮುಂದ ಬಂದ ತೋರಸ್ರಿ. ಬದಿಗೆ ಅಡಗಿಕೊಂಡ ಬೆರಳ ತೋರಸೂದು ಯಾವ ಪದ್ಧತಿ?"

ನಗು ಬರಬೇಕಾಗಿತ್ತು. ಬರಲಿಲ್ಲ. ಡಾಕ್ಟರ ಕೈ ಅವನ ಮೂಗಿನ ಹತ್ತಿರಕ್ಕೆ ಬರುವವರೆಗೆ ಅವನು ಬೆರಳು ಎಣಿಸಲಿಲ್ಲ. ಯಂತ್ರದಲ್ಲೂ ನೋಡಿದರು. ಮೋತಿಬಿಂದು, ಅಂದರೆ ಕಣ್ಣಿನ ಪೊರೆ ಅಲ್ಲ, ಕಾಚಬಿಂದು, ಅಂದರೆ ಗ್ಲಾಕೋಮಾ ಎಂದರು. ಮೋತಿಬಿಂದು ಆದರೆ ಆಪರೇಷನ್ ಮಾಡಿ ತೆಗೆಯಬಹುದು, ಇದರಲ್ಲಿ ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ದಿನಾ ಹನಿ ಹಾಕಬೇಕು. "ಗಾಡಿ ಮಾತ್ರ ಇವತ್ತಿಗೆ ಬಂದ್," ಎಂದು ಕಡೆಗೆ ಕನ್ನಡದಲ್ಲೇ ಹೇಳಿದರು, ನಮಗೆಲ್ಲ ತಿಳಿಯಲಿ ಎಂದು.

ಮಾಮಾ ಎದ್ದು ನಿಂತ. "ನಿಮ್ಮ ಯಂತ್ರ ಕೆಟ್ಟೈತಿ," ಎಂದ. ಹೊರಗೆ ಬಂದು ನೇರ ಹೋಗಿ ಸ್ಟಿಯರಿಂಗಿನ ಮುಂದೆ ಕೂತ.

ನಾನು ಬಾಗಿಲು ಹಿಡಿದು ನಿಂತೆ. "ಮಾಮಾ, ಚಾವಿ ಕೊಡು. ನಾ ಓಡಸ್ತೀನಿ."

"ನೀ? ನಾ ನಿನಗ ಕಲಿಸೇನಿ, ನೀ ನನಗಲ್ಲ. ಹತ್ತತಿಯೇನ, ಬಸ್ಸಿಗೆ ಬರತಿ?"

ಮಾಮಿ ಆಗಲೇ ಹತ್ತಿ ಅವನ ಪಕ್ಕದಲ್ಲಿ ಕೂತಿದ್ದಳು. ಅವಳನ್ನು ಬಿಟ್ಟು ಬಸ್ಸಿಗೆ ಹೋಗಲು ನನ್ನಿಂದಾಗಲಿಲ್ಲ. ಹತ್ತಿದೆ.

ಕಾಗವಾಡ ದಾಟುವತನಕ ಏನೂ ಆಗಲಿಲ್ಲ. ಆಮೇಲೆ ಶೇಡಬಾಳದ ಕಡೆ, ಎರಡೂ ಬದಿ ಕಬ್ಬು ಇರುವಲ್ಲಿ, ಹೀಗಾಯಿತು. ಹೊತ್ತು ಇನ್ನೂ ಇತ್ತು, ಬಿಸಿಲು ನಮ್ಮ ಬೆನ್ನಿಗಿತ್ತು. ಎದುರಿಗೆ ಖಾಲಿ ರಸ್ತೆ. ಎಡಗಡೆ ಕಬ್ಬಿನ ಗದ್ದೆಯ ಬದುವಿನ ಮೇಲಿಂದ ಒಬ್ಬ ಹೆಣ್ಣುಮಗಳು ತಲೆಯ ಮೇಲೆ ಮೇವಿನ ಹೊರೆ ಹೊತ್ತು ಇಳಿಯುತ್ತಿದ್ದಳು. ಹೊರೆ ಅವಳ ಕಣ್ಣಿನ ಮೇಲೆ ಜೋತು ಬಿದ್ದಿತ್ತು. ಅವಳಿಗೂ ಬದಿಯದು ಕಾಣುತ್ತಿರಲಿಲ್ಲ. ಮಾಮಿ ಆಗ ಔಷಧಿಯ ಚೀಲ ಕಾಲ ಬಳಿ ಬಿದ್ದದ್ದನ್ನು ಎತ್ತಿಕೊಳ್ಳಲು ಬಗ್ಗಿದ್ದಳು. ನಾನು ನೋಡಿದೆ. ಬಾಯಿ ತೆರೆದೆ. ಮುಂದಿನ ಸೀಟು ಹಿಡಿದೆ, ಅಷ್ಟೇ. ಮಾಮಿ ತಲೆ ಎತ್ತಿ, "ಎಡಕ್ಕ ಹೆಣಮಗಳು!" ಎಂದು ಚೀರಿದಳು.

ಅವನು ನಿಲ್ಲಿಸಿದ. ಅದನ್ನು ಹೇಳಲೇಬೇಕು, ಅವನು ನಿಲ್ಲಿಸಿದ ರೀತಿಯಲ್ಲಿ ಬೇರೆ ಯಾರೂ ನಿಲ್ಲಿಸಲಾರರು. ಕಾರಿನ ಮೂತಿಗೂ ಆ ಹೆಣ್ಣುಮಗಳ ಸೀರೆಗೂ ನಡುವೆ ಒಂದು ಗೇಣಿನಷ್ಟು ಜಾಗವಿತ್ತು. ಹೊರೆ ಬಾನೆಟ್ಟಿನ ಮೇಲೆ ಬಿತ್ತು.

"ಎಲ್ಲಿಂದ ಹಾರಿ ಬಂದೆ ಬೇ?" ಮಾಮಾ ಕಿಟಕಿಯಿಂದ ಕೂಗಿದ.

ಆಕೆ ಒಂದು ಗಳಿಗೆ ಉಸಿರು ತಿರುಗಿಸಿಕೊಂಡಳು. ಆಮೇಲೆ ಸೊಂಟಕ್ಕೆ ಕೈಯಿಟ್ಟಳು. "ಹಾರಿ ಬರಾಕ ನನಗೇನ ರೆಕ್ಕಿ ಅದಾವೇನೋ ಮುದುಕಪ್ಪಾ? ಹೊರಿ ಹೊತ್ತಾಕಿ ನಾನು. ನನಗ ಕಾಣಲಿಲ್ಲ ಅಂದ್ರ ಹೊರಿ ಐತಿ. ನಿನ್ನ ತಲಿ ಮ್ಯಾಲ ಏನೈತಿ?"

ಮಾಮಾ ತಲೆ ಒಳಗೆ ಎಳೆದುಕೊಂಡ. ನಾನು ಇಳಿದು ಅವಳ ಹೊರೆ ಎತ್ತಿ ಹೊರಿಸಿದೆ. ಅವಳು ಹೋದ ಮೇಲೆ ಅವನ ಬಾಗಿಲಿನ ಬಳಿ ಬಂದೆ.

"ಚಾವಿ ಕೊಡು."

"ನಿಂತಿಲ್ಲೇನ ಗಾಡಿ? ಮುಟ್ಟೇತೇನ ಅಕಿಗೆ?"

"ಮಾಮಿ ಇನ್ನೊಂದ ಗಳಿಗಿ ಬಗ್ಗಿದ್ರ ಮುಟ್ಟತಿತ್ತು! ನಿನ್ನ ಸೊಕ್ಕಿಗೆ ಯಾರ್ನರೆ ಬಲಿ ಕೊಡಬೇಕೇನ? ಎರಡ ವರ್ಷ ಹೆಂಡತಿ ಕಣ್ಣ ತಗೊಂಡ ಗಾಡಿ ಹೊಡದಿ. ಒಂದ ಮಾತರೆ ಹೇಳಿದೇನ ಅಕಿಗೆ? ಚಾವಿ ಕೊಡು!"

ಇಷ್ಟು ದೊಡ್ಡ ದನಿ ನನಗಿದೆ ಎಂದು ನನಗೆ ಗೊತ್ತಿರಲಿಲ್ಲ. ಮಾಮಾ ಇಳಿದ. ಕಿವಿಯ ತುದಿಯಿಂದ ಕತ್ತಿನವರೆಗೆ ಕೆಂಪಾಗಿದ್ದ. ಚಾವಿಯನ್ನು ಕಿತ್ತ. "ತಗೋ ನಿನ್ನ ಚಾವಿ!" ಎಂದ. ಹಾಗೆಂದು ಅದನ್ನು ನನ್ನ ತಲೆಯ ಮೇಲಿಂದ ಕಬ್ಬಿನೊಳಗೆ ಒಗೆದ!

ಕಟಾವಿಗೆ ಬಂದ ಕಬ್ಬಿನಲ್ಲಿ ಕಾರಿನ ಚಾವಿ ಹುಡುಕಿದವರು ಯಾರಾದರೂ ಇದ್ದರೆ ನನಗೆ ತಿಳಿಸಿ. ನಾನೂ ಮಾಮಿಯೂ ಒಳಗೆ ನುಗ್ಗಿದೆವು. ಎಲೆಯ ಅಲಗು ಮುಖಕ್ಕೆ ಕೊಯ್ಯುತ್ತಿತ್ತು. ರಸ್ತೆಯಲ್ಲಿ ನಮ್ಮ ಕಾರಿನ ಹಿಂದೆ ಕಬ್ಬಿನ ಟ್ರ್ಯಾಕ್ಟರೊಂದು ಬಂದು ನಿಂತಿತು. ಹಾಡು ಜೋರಾಗಿತ್ತು. ಡ್ರೈವರ್ ಹಾಡು ಸಣ್ಣದು ಮಾಡಿ ಕೂಗಿದ. "ಏನ್ ಹುಡಕಾಕತ್ತೀರಿ ಅಕ್ಕಾರ?"

"ಚಾವಿ!"

"ಕಬ್ಬಿನಾಗ ಯಾಕ ಹೋತ್ರಿ?"

"ಸಿಟ್ಟ ಬಂದಿತ್ತು, ಹೋತು!" ಎಂದೆ.

ಅವನು ಸ್ವಲ್ಪ ಯೋಚಿಸಿದ. "ನಮ್ಮ ಮನ್ಯಾಗ ಅಡಗಿ ಪಾತೇಲಿ ಹೋಗತಾವ್ರಿ. ಚಾವಿ ಅಂದ್ರ ದೊಡ್ಡ ಮನಿತನ," ಎಂದು, ಹಾಡು ಮತ್ತೆ ದೊಡ್ಡದು ಮಾಡಿ, ಬದಿಯಿಂದ ಗಾಡಿ ತೆಗೆದುಕೊಂಡು ಹೋದ.

ಚಾವಿ ಸಿಗಲಿಲ್ಲ. ಹೊರಗೆ ಬಂದಾಗ ಮಾಮಾ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತಿದ್ದ. ಕೈಗಳು ಮೊಣಕಾಲ ಮೇಲಿದ್ದವು. ಎದುರಿಗೆ ನೇರವಾಗಿ ನೋಡುತ್ತಿದ್ದ. ನಾನು ಅವನ ಎಡಕ್ಕೆ ಬಂದು ನಿಂತೆ. ಅವನಿಗೆ ಗೊತ್ತಾಗಲಿಲ್ಲ. ಅಷ್ಟು ಹತ್ತಿರದಲ್ಲಿದ್ದೆ, ಗೊತ್ತಾಗಲಿಲ್ಲ.

"ನಿನ್ನ ಕಡೆ ಎರಡನೇದು ಐತಲ್ಲ," ಎಂದ ಅವನು. ಮಾತು ಮಾಮಿಗೆ. "ಕೊಡು."

ಮಾಮಿ ಸೊಂಟದ ಎಲೆಅಡಿಕೆ ಚೀಲಕ್ಕೆ ಕೈ ಹಾಕಿದಳು. ಅಡಿಕೆ, ಸುಣ್ಣದ ಡಬ್ಬಿ, ಅದರ ಕೆಳಗಿಂದ ಒಂದು ಚಾವಿ! ಅಂದರೆ ಇವಳ ಬಳಿ ಇನ್ನೊಂದು ಚಾವಿ ಮೊದಲಿಂದಲೂ ಇತ್ತು! ನಾನು ಕೈ ಚಾಚಿದೆ. ಮಾಮಿ ನನ್ನನ್ನು ದಾಟಿ ಹೋಗಿ ಅದನ್ನು ಮಾಮಾನ ಅಂಗೈಯಲ್ಲಿಟ್ಟಳು.

ನಾನು ಅವಳ ರಟ್ಟೆ ಹಿಡಿದು ಕಾರಿನ ಹಿಂದಕ್ಕೆ ಎಳೆದೆ. "ಮಾಮಿ, ಹುಚ್ಚ ಹಿಡದೈತೇನ ನಿನಗ? ನಿನ್ನ ಕಡೆ ಎರಡನೇ ಚಾವಿ ಇದ್ದು, ಅವ ಮಲಗಿದಾಗ ಮೊದಲನೇದೂ ಕಸ್ಕೊಂಡ ಮುಚ್ಚಿಡಬಾರದೇನ? ನನ್ನ ಯಾಕ ಕರಸಿದಿ?"

"ಕಸ್ಕೊಂಡ್ರ ಅದು ಕಳವು ಆಗತೈತಿ ತಂಗಿ," ಎಂದಳು ಮಾಮಿ. ದನಿ ಸಣ್ಣದಾಗಿತ್ತು. "ಅವರ ಕೈಯಾರೆ ಕೊಟ್ರ ರಿಟಾಯರ್ ಆದಂಗ. ರೇಸ್ ಬಿಟ್ಟ ದಿನಾ ಅವರಿಗೆ ಯಾರೂ ಒಂದ ಹಾರ ಹಾಕಲಿಲ್ಲ."

ಮಾಮಾ ಎದ್ದ. ಬಾನೆಟ್ಟಿನ ಮೇಲೆ ಕೈ ಸವರುತ್ತ, ಅಂಟಿದ್ದ ಮೇವಿನ ಎಲೆಗಳನ್ನು ಒಂದೊಂದಾಗಿ ತೆಗೆಯುತ್ತ, ಸುತ್ತು ಹಾಕಿ ಡ್ರೈವರನ ಬಾಗಿಲಿಗೆ ಬಂದ. ಬಾಗಿಲು ತೆರೆದ. ಹತ್ತಿಯೇಬಿಟ್ಟ ಎಂದುಕೊಂಡೆ. ಅವನು ಹತ್ತಲಿಲ್ಲ. ಬಾಗಿಲು ಹಿಡಿದುಕೊಂಡು ನಿಂತ. ನಾನು ಎಲ್ಲಿದ್ದೇನೆಂದು ತಿಳಿಯದೆ, ತಲೆಯನ್ನು ಪೂರ್ತಿ ಈ ಕಡೆ, ಆಮೇಲೆ ಪೂರ್ತಿ ಆ ಕಡೆ ತಿರುಗಿಸಿ ಹುಡುಕಿದ. ಕಂಡ ಮೇಲೆ ಚಾವಿ ನೀಡಿದ.

"ಹತ್ತು," ಎಂದ. "ಸೀಟ ಮುಂದ ಜಗ್ಗಿಕೋ. ಕಾಲ ಮುಟ್ಟಬೇಕು."

ಅವನು ಎಡಗಡೆಯ ಸೀಟಿನಲ್ಲಿ ಕೂತ. ಮಾಮಿ ಹಿಂದೆ ಕೂತಳು. ನಾನು ಕಾರು ಚಾಲೂ ಮಾಡಿದೆ. ಬೈಗುಳಕ್ಕೆ ಕಾಯುತ್ತಿದ್ದೆ. ಗೇರ್ ತಪ್ಪಿತು, ಹಿಡಿತ ತಪ್ಪಿತು ಎಂದು ಏನಾದರೂ ಬರಲೇಬೇಕು. ಬರಲಿಲ್ಲ. ಕಬ್ಬಿನ ಸಾಲು ಮುಗಿದು ದ್ರಾಕ್ಷಿ ತೋಟಗಳು ಶುರುವಾದವು.

ಹಿಂದಿನಿಂದ ಮಾಮಿ ರೂಢಿಯ ಬಲದಿಂದ, "ಎಡಕ್ಕ ಸೈಕಲ್," ಎಂದಳು.

"ಸುಮ್ನಿರು," ಎಂದ ಮಾಮಾ. "ಅಕಿಗೆ ಕಾಣತೈತಿ."

ಮಾಮಿ ಸೀಟಿಗೆ ಒರಗಿದಳು. ಸೈಕಲ್ಲಿನವನು ಹಿಂದೆ ಹೋದ. ಸ್ವಲ್ಪ ದೂರ ಹಾಗೇ ಹೋದೆವು. ಮಾಮಾ ಎದುರಿನ ರಸ್ತೆಯನ್ನೇ ನೋಡುತ್ತ ಇನ್ನೊಂದು ಮಾತು ಹೇಳಿದ, ಬಹಳ ಮೆಲ್ಲಗೆ.

"ನನಗ ಹೇಳು."

ಮಾಮಿ ಎರಡು ಸೀಟುಗಳ ನಡುವೆ ಮುಂದಕ್ಕೆ ಬಾಗಿ, ಅವನ ಭುಜದ ಮೇಲೆ ಕೈಯಿಟ್ಟಳು. "ಎಡಕ್ಕ ದ್ರಾಕ್ಷಿ," ಎಂದಳು. "ಈ ಸಲ ಗೊನಿ ಚಲೋ ಹಿಡದಾವ. ಬಲಕ್ಕ ಯಾರದೋ ಹೊಸಾ ಮನಿ, ಹಸರ ಬಣ್ಣಾ ಬಡದಾರ. ಕಟ್ಟಿ ಮ್ಯಾಲ ಒಬ್ಬಾಕಿ ಮಗಳ ತಲಿ ಬಾಚಾಕತ್ತಾಳ. ನಮ್ಮ ಕಡೆ ನೋಡಾಕತ್ತಾಳ ನೋಡ್ರಿ, ನಗಾಕತ್ತಾಳ."